ಮುತ್ಯಾನ ಡಬ್ಬಿಯ 11 ಕಾಗದ, ಪುಣೆ ಕ್ಯಾಂಪಿನ ಒಂದು ಅಂಗಡಿ

ಮನೆಯಲ್ಲಿ ನಿಜಾಮನ ಕಾಲದ ಉರ್ದು ಕಾಗದಗಳಿದ್ದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಓದದಿದ್ದರೂ ಇಷ್ಟು ನೆನಪಿರಲಿ. ನಾನು ಒಂದು ಕಾಗದವನ್ನು ಹಾಗೆ ಹಾಳು ಮಾಡಿಕೊಂಡಿದ್ದೇನೆ. ಉಳಿದ 10 ಸರಿಯಾಗಿ ಉಳಿದದ್ದು ಪುಣೆ ಕ್ಯಾಂಪಿನ ಒಂದು ಪುಟ್ಟ ಅಂಗಡಿಯಿಂದ. ಹಳೆ ಕಾಗದ ರಿಪೇರಿ ಮಾಡುತ್ತಾರೆ, ಉರ್ದು ಕೈಬರಹ ಓದಿ ಅರ್ಥ ಹೇಳುತ್ತಾರೆ. ಅಪ್ಪ ಮತ್ತು ಮಗಳು, ಇಬ್ಬರೇ.

ನಮ್ಮದು ಕಲಬುರಗಿ ಜಿಲ್ಲೆ, ಆಳಂದ ತಾಲೂಕು. ಮದುವೆಯಾಗಿ ಪುಣೆಗೆ ಬಂದು 31 ವರ್ಷವಾಯಿತು. ಬ್ಯಾಂಕಿನಲ್ಲಿ 28 ವರ್ಷ ಕೆಲಸ ಮಾಡಿ ಹೋದ ವರ್ಷ ರಿಟೈರ್ ಆದೆ. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಯಿಂದ ನನ್ನ ಪಾಲಿಗೆ ಬಂದದ್ದು ಒಂದು ತಗಡಿನ ಡಬ್ಬಿ. ನಾನೇ ಕೇಳಿ ತಂದೆ. ಅದರಲ್ಲಿ ಮುತ್ಯಾ ಇಟ್ಟಿದ್ದ ಕಾಗದಗಳಿದ್ದವು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅಂತಲೇ ಅನ್ನುವುದು. ಅಪ್ಪ ಉರ್ದು ಶಾಲೆಯಲ್ಲಿ ನಾಲ್ಕನೇ ತರಗತಿವರೆಗೆ ಕಲಿತಿದ್ದರು. ಆದರೂ ಈ ಕಾಗದ ಕೇಳಿದರೆ ಒಂದೇ ಮಾತು: "ಅವು ಲೆವಿ ಪಾವತಿ ಅವ, ಬಿಡವ್ವ." ಲೆವಿ ಅಂದರೆ ಸರ್ಕಾರ ರೈತರಿಂದ ಕಡ್ಡಾಯವಾಗಿ ಕಟ್ಟಿಸಿಕೊಳ್ಳುತ್ತಿದ್ದ ಧಾನ್ಯ, ಪಾವತಿ ಅಂದರೆ ಅದರ ರಸೀದಿ. ಆಗಿನ ಕೈಬರಹ ಅಪ್ಪನಿಗೂ ಓದಲು ಬರುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಮಡಚಿದ ಕಡೆಯೆಲ್ಲ ಹರಿದಿತ್ತು. ಎರಡು ಕಾಗದಕ್ಕೆ ಹುಳು ಬಿದ್ದಿತ್ತು. ನಮ್ಮ ಮನೆ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯವರು "ಲ್ಯಾಮಿನೇಟ್ ಮಾಡಿ ಮೇಡಂ, 100 ವರ್ಷ ಇರುತ್ತದೆ" ಅಂದರು. ಒಂದನ್ನು ಕೊಟ್ಟೆ. ಬಿಸಿ ಪ್ಲಾಸ್ಟಿಕ್ ನಡುವೆ ಹೋಗಿ ಬಂದಾಗ ಕಾಗದ ಕಂದಾಗಿತ್ತು, ನಡುವಿನ ಮಡಿಕೆ ಸೀಳಿ ಎರಡು ಚೂರು ಒಂದರ ಮೇಲೊಂದು ಹತ್ತಿಕೊಂಡಿದ್ದವು. ಒಂದು ಸಾಲು ಪೂರ್ತಿ ಕೆಳಗೆ ಸಿಕ್ಕಿಹೋಯಿತು. ಈಗ ಅದನ್ನು ಯಾರೂ ಬಿಡಿಸಲಾರರು.

ಆಮೇಲೆ ಉರ್ದು ಪುಸ್ತಕ ಬೈಂಡಿಂಗ್ ಮಾಡುವವರನ್ನು ಕೇಳುತ್ತ ಕೇಳುತ್ತ ಈ ಅಂಗಡಿ ಸಿಕ್ಕಿತು. ಎಂ.ಜಿ. ರೋಡಿನಿಂದ ಒಳಗೆ ಆರೇಳು ನಿಮಿಷದ ನಡಿಗೆ. ಕೆಳಗೆ ಬೇಕರಿ, ಮೇಲೆ ಇವರು. ಮೆಟ್ಟಿಲು ಬಹಳ ಕಡಿದು, ಹಿಡಿದುಕೊಳ್ಳಲು ಒಂದು ಹಗ್ಗ ಮಾತ್ರ. ಮೊಣಕಾಲು ನೋವಿದ್ದವರು ಕೆಳಗಿನಿಂದಲೇ ಕೂಗಿ, ಮಗಳು ಇಳಿದು ಬರುತ್ತಾಳೆ. ಹೆಸರು, ಫೋನ್ ನಂಬರ್ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಇಬ್ಬರೇ ಇರುವುದು, ಕೆಲಸ ಜಾಸ್ತಿಯಾದರೆ ಕೈಗೆ ನಿಲುಕುವುದಿಲ್ಲ ಅಂತ. ಕ್ಯಾಂಪಿನ ಯಾವ ಬೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ತೋರಿಸುತ್ತಾರೆ.

ಅಂಗಡಿಯ ಆ ಅಪ್ಪನಿಗೆ 74ರ ಆಸುಪಾಸು. ಉರ್ದು ಶಾಲೆಯಲ್ಲಿ ಮಾಸ್ತರಾಗಿದ್ದವರು. ನಾನು ಚಾಚಾ ಅನ್ನುತ್ತೇನೆ. ಮಗಳು ಕಾಗದ ರಿಪೇರಿ ಕಲಿತವಳು. ಮೊದಲ ದಿನ ಡಬ್ಬಿ ತೆರೆದಾಗ ಇಬ್ಬರೂ ತಕ್ಷಣ ಕೈ ಹಾಕಲಿಲ್ಲ. ಮಗಳು ಎದ್ದು ಹೋಗಿ ಕೈ ತೊಳೆದು ಒರೆಸಿಕೊಂಡು ಬಂದಳು. ಒಂದು ದಪ್ಪ ಬಿಳಿ ಹಾಳೆ ಹಾಸಿ ಒಂದೊಂದೇ ಕಾಗದ ಬಿಡಿಸಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದಳು. 1ರಿಂದ 11ರವರೆಗೆ ನಂಬರ್ ಕೊಟ್ಟು, ಯಾವುದರಲ್ಲಿ ಎಷ್ಟು ತೂತು, ಎಷ್ಟು ಹರಿವು ಅಂತ ಬರೆದು ನನ್ನ ಸಹಿ ಹಾಕಿಸಿಕೊಂಡಳು. ಬ್ಯಾಂಕಿನಲ್ಲಿ ಲಾಕರ್ ನೋಡಿಕೊಂಡವಳು ನಾನು. ಅದನ್ನು ನೋಡಿದ ಮೇಲೆ ಡಬ್ಬಿ ಅಲ್ಲೇ ಬಿಟ್ಟು ಬರಲು ಧೈರ್ಯ ಬಂತು.

ಲ್ಯಾಮಿನೇಷನ್ ಆದ ಕಾಗದ ನೋಡಿ ಚಾಚಾ ಬಹಳ ಹೊತ್ತು ಮಾತಾಡಲಿಲ್ಲ. ಅದು ಅರ್ಧ ಇಂಗ್ಲಿಷ್ ಟೈಪು, ಅರ್ಧ ಉರ್ದು ಬರಹ. ಕಾಣುವಷ್ಟನ್ನು ಓದಿ ಹೇಳಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಭರ್ಮಾರ್ ಬಂದೂಕು 1, ಕತ್ತಿ 1, ಜಮಾ ಆಯಿತು ಅಂತ ಇತ್ತು. ಭರ್ಮಾರ್ ಅಂದರೆ ಬಾಯಿಯಿಂದ ಮದ್ದು ತುಂಬುವ ಹಳೆ ಬಂದೂಕು. ಮಿಲಿಟರಿ ಸರ್ಕಾರ ಬಂದ ಮೇಲೆ ಊರಿನವರ ಆಯುಧ ಇಸಿದುಕೊಂಡು ಕೊಟ್ಟ ರಸೀದಿ. ಯಾರ ಸಹಿ, ಯಾವ ತಾರೀಕು ಅನ್ನುವ ಸಾಲೇ ಪ್ಲಾಸ್ಟಿಕ್ಕಿನ ಮಡಿಕೆಯೊಳಗೆ ಹೋಗಿದೆ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಇಲ್ಲದಿದ್ದರೆ ಈ ಅಂಗಡಿ ನನಗೆ ಏನು ಮಾಡಿಕೊಟ್ಟಿತು ಅನ್ನುವುದು ತಿಳಿಯುವುದಿಲ್ಲ.

1947ರ ಆಗಸ್ಟ್ 15 ನಮ್ಮ ಊರಿಗೆ ಬರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮ ಭಾರತಕ್ಕೆ ಸೇರಲು ಒಪ್ಪದೆ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಆ ನಡುವೆ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಹಳ್ಳಿಗಳಿಗೆ ನುಗ್ಗತೊಡಗಿದರು. ಗಡಿಯಾಚೆಯ ಶಿಬಿರಗಳಿಂದ ನಿಜಾಮನ ವಿರೋಧಿಗಳು ರಜಾಕಾರರ ಮೇಲೆ, ರಜಾಕಾರರು ಅವರ ಮೇಲೆ. ಒಂದೇ ನಾಡಿನ ಜನ ಬಂದೂಕು ಹಿಡಿದು ನಿಂತಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ಆಯಿತು. ಸುದ್ದಿ ಕೇಳಿ ನಮ್ಮ ಊರು ಅರ್ಧ ಖಾಲಿಯಾಯಿತು ಅಂತ ಆಯಿ, ಅಂದರೆ ನಮ್ಮ ಅಜ್ಜಿ, ಹೇಳುತ್ತಿದ್ದಳು. ಎತ್ತಿನ ಕೊರಳ ಗೆಜ್ಜೆ ಬಿಚ್ಚಿ, ಬಂಡಿಯ ಅಚ್ಚಿಗೆ ಕೀಲೆಣ್ಣೆ ಜಾಸ್ತಿ ಬಡಿದು, ರಾತ್ರಿ ದಾರಿ ಹಿಡಿದರಂತೆ. ದುಧನಿ ಸ್ಟೇಷನ್ ಮುಟ್ಟಿದರೆ ನಿಜಾಮನ ಗಡಿ ದಾಟಿದ ಹಾಗೆ. ಅಲ್ಲಿಂದ ರೈಲು ಹತ್ತಿ ಸೊಲ್ಲಾಪುರ. ಆಯಿ ಮೂರು ಮಕ್ಕಳನ್ನು ಕಟ್ಟಿಕೊಂಡು ಒಬ್ಬ ನೇಕಾರರ ಮನೆಯ ಹಿತ್ತಲಲ್ಲಿ ಏಳು ತಿಂಗಳಿದ್ದಳು. ಮುತ್ಯಾ ಮಾತ್ರ ಊರಲ್ಲೇ ಉಳಿದ. ಹೊಲ, ದನ ಬಿಟ್ಟು ಹೋಗುವುದಾಗಲಿಲ್ಲ.

ಆ ನೇಕಾರರ ಮನೆಯಾಕೆ ಆಯಿಗೆ ಹೇಳುತ್ತಿದ್ದಳಂತೆ: "ನಾವೂ ಇದನ್ನ ಕಂಡೀವ್ರಿ ಅವ್ವಾ." ಅವಳು ಹೇಳಿದ್ದು 1930ರ ಮೇ ತಿಂಗಳ ಮಾತು. ಆಗ ಇಂಗ್ಲಿಷರು ಸೊಲ್ಲಾಪುರಕ್ಕೆ ಮಾರ್ಷಲ್ ಲಾ ಹಾಕಿದ್ದರು. ತಲೆ ಮೇಲೆ ಗಾಂಧಿ ಟೋಪಿ ಕಂಡರೆ ಮಿಲಿಟರಿಯವರು ಬಿಡುತ್ತಿರಲಿಲ್ಲ. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಈ ನಾಲ್ವರನ್ನು 1931ರ ಜನವರಿ 12ರಂದು ಇಲ್ಲೇ ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ನಾವು ಇರುವುದು ವಿಶ್ರಾಂತವಾಡಿ. ಕ್ಯಾಂಪಿಗೆ ಹೋಗುವಾಗ ಪ್ರತಿ ಸಲ ಜೈಲ್ ರೋಡಿನಲ್ಲೇ ಹೋಗುತ್ತೇನೆ. ಕಾಸಿಂ ರಜ್ವಿಯನ್ನು 1957ರವರೆಗೆ ಇಟ್ಟಿದ್ದದ್ದೂ ಇದೇ ಯೆರವಡಾದಲ್ಲಿ. ಆಮೇಲೆ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಆ ಗೋಡೆ ದಾಟುವಾಗ ಮಡಿಲಲ್ಲಿ ಮುತ್ಯಾನ ಡಬ್ಬಿ ಇತ್ತು. ಕೈ ತಾನಾಗಿ ಬಿಗಿಯಾಯಿತು.

ಮನೆಯಲ್ಲಿ ಹೇಳುವ ಕಥೆ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯುತ್ತಿತ್ತು. 13ಕ್ಕೆ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಹೊರಟು ನಳದುರ್ಗ ಹಿಡಿಯಿತು, 17ಕ್ಕೆ ನಿಜಾಮ ಸೋತ, ನಾವು ಬಚಾವಾದೆವು. ಆಮೇಲೆ ಏನಾಯಿತು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಓದುವ ಕೆಲಸದ ಬಗ್ಗೆ. 11ರಲ್ಲಿ 9 ಉರ್ದು, ಒಂದು ಮೋಡಿ ಲಿಪಿಯ (ಮರಾಠಿಯ ಹಳೆ ಓಟದ ಬರಹ) ಕಾರ್ಡು, ಒಂದು ಆ ಹಾಳಾದದ್ದು. ಚಾಚಾ ಮೋಡಿ ಓದುವುದಿಲ್ಲ. "ನನಗೆ ಬರಲ್ಲ" ಅಂತ ನೇರ ಹೇಳಿ ಕಾರ್ಡನ್ನು ಬರೀ ರಿಪೇರಿಗೆ ಇಟ್ಟುಕೊಂಡರು. ಉರ್ದು ಕಾಗದಗಳನ್ನು ಶಿಕಸ್ತಾ ಅನ್ನುವ ಓಟದ ಬರಹದಲ್ಲಿ ಬರೆದಿದ್ದರು. ಬಹಳ ಕಡೆ ಚುಕ್ಕೆ ಇಡುವುದಿಲ್ಲ, ಅಕ್ಷರ ಒಂದಕ್ಕೊಂದು ಎಳೆದು ಸೇರಿಸುತ್ತಾರೆ. ಇವತ್ತು ಉರ್ದು ಓದುವ ಹುಡುಗರಿಗೂ ಇದು ಬರುವುದಿಲ್ಲ. ನನ್ನ ಮಗಳ ಗೆಳತಿಯೊಬ್ಬಳಿಗೆ ಮೊದಲು ತೋರಿಸಿದ್ದೆ, ಅವಳಿಗೆ ಮುತ್ಯಾನ ಹೆಸರು ಮಾತ್ರ ಸಿಕ್ಕಿತ್ತು.

ಒಂದು ಕಡೆ ಗೀರು ಎಳೆದ ಹಾಗೆ ಇತ್ತು. ಪೆನ್ನು ಬರುತ್ತದೋ ಇಲ್ಲವೋ ಅಂತ ನೋಡಲು ಎಳೆದದ್ದು ಅಂದುಕೊಂಡಿದ್ದೆ. ಚಾಚಾ ಬೆರಳು ತಾಗಿಸದೆ ಒಂದು ಬಿದಿರಿನ ಕಡ್ಡಿಯಿಂದ ತೋರಿಸಿ, "ಇದು ಅಂಕಿ, ಬೇಟಿ" ಅಂದರು. ಸಿಯಾಖ್ ಅಂತ ಲೆಕ್ಕದವರ ಬರಹ. ಅರಬ್ಬಿಯಲ್ಲಿ ಸಂಖ್ಯೆಗೆ ಇರುವ ಪದವನ್ನೇ ಮೊಟಕು ಮಾಡಿ ಗುರುತಾಗಿಸಿದ್ದಾರೆ. ನಿಜಾಮನ ಕಂದಾಯದ ಲೆಕ್ಕವೆಲ್ಲ ಹೀಗೆ ಬರೆಯುತ್ತಿದ್ದರು. ಆ ಗೀರು 2 ಪಲ್ಲಾ ಜೋಳ ಅಂತ. ಒಂದು ಪಲ್ಲಾ ಅಂದರೆ 120 ಸೇರು. ಅಷ್ಟನ್ನು ಸರ್ಕಾರ ಲೆವಿ ಅಂತ ಕಟ್ಟಿಸಿಕೊಂಡಿತ್ತು. ಅಪ್ಪ ಹೇಳಿದ್ದು ಮೂರು ಕಾಗದದ ಮಟ್ಟಿಗೆ ನಿಜವೇ ಆಯಿತು.

ತಾರೀಕು ಓದುವುದನ್ನೂ ನನಗೆ ಕಲಿಸಿಕೊಟ್ಟರು. ನಿಮಗೂ ಉಪಯೋಗವಾಗಲಿ ಅಂತ ಬರೆಯುತ್ತೇನೆ. ಹೈದರಾಬಾದಿನ ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ ಇರುತ್ತದೆ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ, ಆಜೂರ್ ತಿಂಗಳಿಂದ. ಅದಕ್ಕೆ 590 ಕೂಡಿಸಿ, ಜನವರಿ ಇಲ್ಲವೇ ಅದರ ಮುಂದಿನ ತಿಂಗಳಾದರೆ 591. ಹಾಗಾಗಿ 1357 ಫಸಲಿ ಅಂದರೆ 1947ರ ಅಕ್ಟೋಬರಿಂದ 1948ರ ಸೆಪ್ಟೆಂಬರ್ ಕೊನೆ, ನಮ್ಮ ಗದ್ದಲದ ವರ್ಷ. ಕೊನೆ ತಿಂಗಳು ಆಬಾನ್. ಈ ಒಂದು ಲೆಕ್ಕ ತಿಳಿದ ಮೇಲೆ 9 ಕಾಗದಗಳನ್ನು ನಾನೇ ಸಾಲಾಗಿ ಜೋಡಿಸಿದೆ.

ಜೋಡಿಸಿದಾಗ ಹಳ್ಳಿಯ ಆ ಎರಡು ವರ್ಷ ಕಣ್ಣಿಗೆ ಕಟ್ಟಿತು. ಮೊದಲು ಲೆವಿ, ಕಂದಾಯದ ಪಾವತಿಗಳು. ಆಮೇಲೆ ಕರೋಡಗಿರಿ ನಾಕಾದ ಒಂದು ರಸೀದಿ. ಗಡಿಯಲ್ಲಿ ಸುಂಕ ವಸೂಲಿ ಮಾಡುವ ಚೌಕಿಗೆ ಹಾಗೆ ಅನ್ನುತ್ತಿದ್ದರು. ಮುತ್ಯಾ ದುಧನಿ ಕಡೆಯಿಂದ ಉಪ್ಪು ತಂದಿದ್ದಾನೆ. ಸುಂಕವನ್ನು ಹಾಲಿ ಸಿಕ್ಕಾದಲ್ಲಿ ಕಟ್ಟಿದ್ದಾನೆ. ನಿಜಾಮನ ರೂಪಾಯಿಯೇ ಬೇರೆ, ಅವರ 7 ರೂಪಾಯಿಗೆ ಗಡಿಯಾಚೆಯ ಭಾರತದ 6 ರೂಪಾಯಿ, ಅದಕ್ಕೆ ಕಲ್ದಾರ್ ಅನ್ನುತ್ತಿದ್ದರು. ಗಡಿ ಬಂದ್ ಆಗಿ ಹೈದರಾಬಾದಿನೊಳಗೆ ಸಾಮಾನು ಬರುವುದೇ ಕಷ್ಟವಾಗಿದ್ದ ಕಾಲ ಅದು. ಉಪ್ಪಿನ ಚೀಲಕ್ಕೆ ಒಂದು ಚೀಟಿ ಇಟ್ಟುಕೊಳ್ಳಬೇಕಾದ ದಿನ. ಅದನ್ನು ಜೋಪಾನ ಮಾಡಿದ್ದಾನೆ ಅಂದರೆ ಮತ್ತೆ ಯಾರಾದರೂ ತಡೆದು ಕೇಳುವ ಭಯ ಇತ್ತು, ಅಲ್ವಾ?

ಅದರ ನಂತರ ರಾತ್ರಿ ಗಸ್ತಿನ ಪಟ್ಟಿ. ಯಾವ ರಾತ್ರಿ ಯಾರು ಅಗಸಿಯಲ್ಲಿ, ಅಂದರೆ ಊರ ಹೆಬ್ಬಾಗಿಲಲ್ಲಿ ಇರಬೇಕು ಅಂತ. ತೀರ್ ತಿಂಗಳು, ಅಂದರೆ ಮೇ ಆಸುಪಾಸು. ಪಟ್ಟಿಯಲ್ಲಿ ಮುತ್ಯಾ ಇದ್ದಾನೆ, ಕುಂಬಾರರು, ತಳವಾರರು ಇದ್ದಾರೆ, ಪಿಂಜಾರ ಕಾಕಾ ಇದ್ದಾನೆ. ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದ ಮುಸಲ್ಮಾನ. ನಮ್ಮ ಮನೆಯ ಪಕ್ಕದ ಮನೆ ಅವರದಾಗಿತ್ತು ಅಂತ ಅಪ್ಪ ಒಂದೆರಡು ಸಲ ಹೇಳಿದ್ದು ನೆನಪಿದೆ. ಮುತ್ಯಾನದೂ ಅವನದೂ ಒಂದೇ ರಾತ್ರಿಯ ಪಾಳಿ.

ಆಬಾನ್ 1357ರ ಕಾಗದ ನಂಬರ್ 8. ಇದನ್ನೂ ಮನೆಯಲ್ಲಿ ಲೆವಿ ಪಾವತಿ ಅಂತಲೇ ಕಟ್ಟಿಟ್ಟಿದ್ದರು. ಚಾಚಾ ಎರಡು ಸಾಲು ಓದಿ ಕನ್ನಡಕ ತೆಗೆದರು. ಮತ್ತೆ ಹಾಕಿಕೊಂಡು ಮೊದಲಿಂದ ಓದಿದರು. ತಲೆಬರಹ ಒಂದೇ ಪದ: ಅಮಾನತ್. ನಂಬಿ ಇಟ್ಟದ್ದು.

ಪಿಂಜಾರ ಕಾಕಾ ಊರು ಬಿಡುವಾಗ ಮುತ್ಯಾನ ಹತ್ತಿರ ಇಟ್ಟು ಹೋದ ಸಾಮಾನಿನ ಪಟ್ಟಿ ಅದು. ತಾಮ್ರದ ಹಂಡೆ 1. ಹಿತ್ತಾಳೆ ತಂಬಿಗೆ 4. ಪರಾತ 1. ಬೆಳ್ಳಿ ಕಾಲ್ಕಡಗ 1 ಜೊತೆ. ಬೀಸುಕಲ್ಲು 1. ಗಾದಿ 3. ಆಡು 2. ಮರದ ಪೆಟ್ಟಿಗೆ 1, ಬೀಗ ಸಹಿತ. ಕಮಾನು 1. ಒಟ್ಟು 9 ಬಾಬತ್ತು. ಬರೆದವರು ಬೇರೆ ಯಾರೋ, ಅಕ್ಷರ ಕಲಿತ ಕೈ. ಕೆಳಗೆ ಮುತ್ಯಾನ ಸಹಿ ಕನ್ನಡದಲ್ಲಿ, ದಪ್ಪ ದಪ್ಪ ಅಕ್ಷರ. ಅದರ ಪಕ್ಕ ಒಂದು ಹೆಬ್ಬೆಟ್ಟು.

ಆ ಹೆಬ್ಬೆಟ್ಟನ್ನು ಮಗಳು ದೊಡ್ಡ ಭೂತಗನ್ನಡಿಯಲ್ಲಿ ತೋರಿಸಿದಳು. ಗೆರೆಗಳು ಸ್ಪಷ್ಟವಾಗಿವೆ. ನಡುವೆ ಒಂದು ಅಡ್ಡ ಸೀಳು, ಕೆಲಸ ಮಾಡುವ ಕೈಯ ಗಾಯ. ಸುತ್ತಲೂ ಹಳದಿ ಕಲೆ ಉಂಗುರದಂತೆ ಹರಡಿದೆ. ಸ್ಟ್ಯಾಂಪ್ ಪ್ಯಾಡ್ ಇರಲಿಲ್ಲ, ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಒತ್ತಿದ್ದಾರೆ, ಎಣ್ಣೆ ಕಾಗದಕ್ಕೆ ಇಳಿದಿದೆ ಅಂದಳು. "ಈ ಕಲೆ ತೆಗೆಯಬಹುದು, ಆದರೆ ತೆಗೆಯುವುದು ಬೇಡ ಆಂಟಿ" ಅಂದಳು. ಬೇಡ ಅಂದೆ.

ಪಿಂಜಾರ ಕಾಕಾ ಯಾಕೆ ಹೋದ ಅಂತ ಪಟ್ಟಿಯಲ್ಲಿಲ್ಲ. ಆಬಾನ್ ಅಂದರೆ ಸೆಪ್ಟೆಂಬರ್. ರಜಾಕಾರರು ಓಡಿದ ಮೇಲೆ ಸೇಡು ಬಿದ್ದದ್ದು ಸುಮ್ನೆ ಮನೆಯಲ್ಲಿ ಕೂತ ಮುಸಲ್ಮಾನರ ಮೇಲೆ. ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಅದೇ ವರ್ಷ ನವೆಂಬರ್, ಡಿಸೆಂಬರಿನಲ್ಲಿ ಊರೂರು ತಿರುಗಿ ನೋಡಿತು. ಕಡಿಮೆ ಅಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿದ್ದಾರೆ ಅಂತ ಅಂದಾಜು ಕೊಟ್ಟಿತು. ಬಹಳ ಕೆಟ್ಟದ್ದು ಆದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡ್ ಜೊತೆ ನಮ್ಮ ಕಲಬುರಗಿಯೂ ಇದೆ. ಆ ವರದಿ ಜನರ ಕೈಗೆ ಸಿಕ್ಕಿದ್ದು 2013ರಲ್ಲಿ. ನಾನು ಹುಟ್ಟಿ ಬೆಳೆದ ಜಿಲ್ಲೆಯ ಈ ಮಾತು ನನಗೆ ಗೊತ್ತಾಗಿದ್ದು ಈ ಕಾಗದ ಓದಿಸಿದ ಮೇಲೆ, 58ನೇ ವಯಸ್ಸಿನಲ್ಲಿ. ಆಯಿ ಓಡಿದ ದಾರಿ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಾಲ್ಕು ತಿಂಗಳಾದ ಮೇಲೆ ಪಕ್ಕದ ಮನೆಯವರು ಓಡಿದ್ದನ್ನು ಯಾರೂ ಹೇಳಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಿಟ್ಟರೋ. ಅದು ನನ್ನನ್ನು ಇನ್ನೂ ಕೊರೆಯುತ್ತಿದೆ.

ಚಾಚಾನ ಮನೆತನ ನಳದುರ್ಗದ್ದು. ನಾನು ಕೇಳಿದ್ದಕ್ಕೆ ಹೇಳಿದರು. ಅವರ ತಂದೆತಾಯಿ 1948ರಲ್ಲಿ ಊರು ಬಿಟ್ಟು ಸೊಲ್ಲಾಪುರಕ್ಕೆ ಬಂದು, ಅಲ್ಲಿಂದ ಪುಣೆಗೆ ಬಂದವರು. ಆಯಿ ಹಿಡಿದ ದಿಕ್ಕನ್ನೇ ಅವರೂ ಹಿಡಿದಿದ್ದರು. "ನಮ್ಮ ಮನೆಯ ಕಾಗದ ಒಂದೂ ಉಳಿದಿಲ್ಲ. ಅದಕ್ಕೇ ಬೇರೆಯವರದ್ದು ಓದುತ್ತೇನೆ" ಅಂದರು. ಅವರ ದಖ್ಖನಿ ಉರ್ದು ನಮ್ಮ ಕಲಬುರಗಿ ಬಜಾರಿನ ಮಾತಿನ ಹಾಗೇ ಇದೆ. ಬೇಡ ಅನ್ನಲು "ನಕ್ಕೋ" ಅನ್ನುತ್ತಾರೆ. ಚಹಾ ತರಿಸಿದರು, ಬೇಕರಿಯ ಖಾರಿ ಕೊಟ್ಟರು. ಆ ದಿನ ಮುಂದೆ ಓದಲಿಲ್ಲ.

ನಂಬರ್ 9 ಮಿಲಿಟರಿ ಕಾಲದ ಪಾಸು. ಸೆಪ್ಟೆಂಬರಿನಿಂದ 1949ರ ಕೊನೆವರೆಗೆ ಮೇಜರ್ ಜನರಲ್ ಜಯಂತನಾಥ ಚೌಧರಿ ಮಿಲಿಟರಿ ಗವರ್ನರ್ ಆಗಿದ್ದರು. ಮುಂಬೈ, ಮದ್ರಾಸ್ ಕಡೆಯಿಂದ ಅಧಿಕಾರಿಗಳನ್ನು ಕರೆಸಿದ್ದರು. ಹೊಸ ಸಾಹೇಬ, ಹಳೆ ಗುಮಾಸ್ತ. ಅದಕ್ಕೇ ಪಾಸಿನ ಬರಹ ಉರ್ದು, ಸಹಿ ಇಂಗ್ಲಿಷ್, ವರ್ಷ ಇನ್ನೂ ಫಸಲಿಯ 1358. ಒಂದು ಬಂಡಿ, ಎರಡು ಎತ್ತು, ಒಬ್ಬ ಗಂಡಸು, ಕಲಬುರಗಿಗೆ ಹೋಗಿ ಬರಲು 3 ದಿನ, ಹೊತ್ತು ಮುಳುಗಿದ ಮೇಲೆ ದಾರಿಯಲ್ಲಿ ಇರಬಾರದು. ಮುತ್ಯಾ ತನ್ನದೇ ಎತ್ತು ಹೂಡಿಕೊಂಡು ತನ್ನದೇ ಜಿಲ್ಲೆಯಲ್ಲಿ ಓಡಾಡಲು ಹಿಡಿದ ಚೀಟಿ. ನಾಲ್ಕು ಮಡಿಕೆ, ಮಡಿಕೆಯಲ್ಲಿ ಬೆವರಿನ ಕಂದು. ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ್ದಾನೆ.

ಈ ಪಾಸಿನಲ್ಲೇ ಮಗಳ ಕೆಲಸ ಎಷ್ಟು ಚೆನ್ನ ಅನ್ನುವುದು ಗೊತ್ತಾಯಿತು. ನನ್ನ ಕಣ್ಣಿಗೆ ಅದು ಸಾದಾ ಪೆನ್ಸಿಲ್ ಬರಹ. ಅವಳು ಮೂಲೆಯ ಒಂದು ಚುಕ್ಕೆಗೆ ಸೂಜಿ ಮೊನೆಯಷ್ಟು ನೀರು ತಾಗಿಸಿದಳು. ಬೂದು ಬಣ್ಣ ನೇರಳೆಯಾಯಿತು. ಕಾಪಿಂಗ್ ಪೆನ್ಸಿಲ್ ಅಂತೆ, ಆಗಿನ ಆಫೀಸುಗಳಲ್ಲಿ ಎಲ್ಲರ ಕೈಯಲ್ಲಿ ಇದ್ದದ್ದು. ನೀರು ಬಿದ್ದರೆ ಪೂರ್ತಿ ಹರಡಿಬಿಡುತ್ತದೆ. ಹಾಗಾಗಿ ಅದನ್ನು ತೊಳೆಯಲಿಲ್ಲ, ಒದ್ದೆ ಅಂಟು ಬರಹದ ಮೇಲೆ ಬರದಂತೆ ಹಿಂದಿನಿಂದ ಬರೀ ಮಡಿಕೆಗೆ ಪಟ್ಟಿ ಹಚ್ಚಿದಳು. ಪಟ್ಟಿ ಅಂದರೆ ಜಪಾನಿನ ನಾರುಕಾಗದ, ಈರುಳ್ಳಿ ಸಿಪ್ಪೆಗಿಂತ ತೆಳು. ಕತ್ತರಿಯಲ್ಲಿ ಕತ್ತರಿಸುವುದಿಲ್ಲ, ನೀರಿನ ಗೆರೆ ಎಳೆದು ಕೈಯಲ್ಲಿ ಹರಿಯುತ್ತಾಳೆ. ಅಂಚಿನ ನಾರು ಕಾಗದದ ಜೊತೆ ಕೂಡಿಕೊಳ್ಳಲಿ ಅಂತ. ಅಂಟು ಗೋಧಿಯ ಪಿಷ್ಟದ್ದು, ತಾನೇ ಕಾಯಿಸಿ ಸೋಸಿದ್ದು. ಮುಂದೆ ಯಾರಿಗಾದರೂ ಬೇಡವಾದರೆ ನೀರಿನಿಂದ ಬಿಡಿಸಬಹುದು. ನಾನು ಮಾಡಿಸಿದ ಲ್ಯಾಮಿನೇಷನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಖರ್ಚು ಹೇಳುತ್ತೇನೆ. ಓದಲು ಕಾಗದಕ್ಕೆ 250 ರೂಪಾಯಿ, 9ಕ್ಕೆ 2,250. ರಿಪೇರಿ 450ರಂತೆ 6 ಕಾಗದಕ್ಕೆ 2,700. ಆಮ್ಲ ಇಲ್ಲದ ಕಾಗದದ ಫೋಲ್ಡರ್ 350. ಒಟ್ಟು 5,300 ಆಯಿತು. ಕಡಿಮೆಯೇನಲ್ಲ. ಆದರೆ ಒಂದು ಕಾಗದದ ಮೇಲೆ ಅವಳು ಕೂತ ಹೊತ್ತು ನೋಡಿದ್ದೇನೆ, ಜಾಸ್ತಿ ಅನ್ನಲಾರೆ. ಯುಪಿಐ ನಡೆಯುತ್ತದೆ, ಕಾರ್ಡ್ ನಡೆಯುವುದಿಲ್ಲ.

ಬೇಸರವಾದದ್ದೂ ಇದೆ. 15 ದಿನ ಅಂದವರು 5 ವಾರ ತೆಗೆದುಕೊಂಡರು. ನಡುವೆ ಎರಡು ಸಲ ಸುಮ್ನೆ ಹೋಗಿ ಬಂದೆ, ಫೋನ್ ಮಾಡಿ ಹೇಳಬಹುದಿತ್ತು. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ, ಬಾಗಿಲ ಮೇಲೆ ಬರೆದಿಲ್ಲ. ಓದಿದ್ದನ್ನು ಹಿಂದಿ ಇಲ್ಲವೇ ಮರಾಠಿಯಲ್ಲಿ ಬರೆದುಕೊಡುತ್ತಾರೆ, ಕನ್ನಡ ಬರುವುದಿಲ್ಲ. ನಾನು ಮೂರು ದಿನ ಪಕ್ಕದಲ್ಲಿ ಕೂತು, ಅವರು ಗಟ್ಟಿಯಾಗಿ ಓದಿದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ. ನಿಮಗೆ ಪುರುಸೊತ್ತಿದ್ದರೆ ಹೀಗೇ ಮಾಡಿ. ಪಲ್ಲಾ, ಅಗಸಿ, ತಳವಾರ, ಪರಾತ, ಇಂಥ ಮಾತು ಮರಾಠಿಗೆ ಹೋಗಿ ಕನ್ನಡಕ್ಕೆ ಬರುವಷ್ಟರಲ್ಲಿ ಬೇರೆಯೇ ಆಗಿಬಿಡುತ್ತವೆ. ಕೂತು ಕೇಳಿದರೆ ಊರಿನ ಪದ ಊರಿನ ಪದವಾಗಿಯೇ ಸಿಗುತ್ತದೆ.

ಅವರಲ್ಲಿ ನನಗೆ ಬಹಳ ಹಿಡಿಸಿದ್ದು ಊಹೆ ಮಾಡದೇ ಇರುವುದು. ಹುಳು ತಿಂದ ಜಾಗದಲ್ಲಿ "ಇಲ್ಲಿ 2 ಪದ ಹೋಗಿವೆ" ಅಂತ ಬರೆದು ಜಾಗ ಬಿಟ್ಟಿದ್ದಾರೆ. ಗಸ್ತಿನ ಪಟ್ಟಿಯಲ್ಲಿ ಒಬ್ಬರ ಹೆಸರು ಅರ್ಧ ಇದೆ. ನಾನು "ಇಂಥವರೇ ಇರಬೇಕು, ತುಂಬಿಬಿಡಿ" ಅಂದರೂ "ನಕ್ಕೋ" ಅಂದರು. ಇದ್ದಷ್ಟೇ ಬರೆಯುವುದು.

ನಂಬರ್ 8ರ ಹಿಂಬದಿ ಕೊನೆಗೆ ಓದಿದ್ದು. ಮೊದಲು ಅಲ್ಲಿ ಏನೂ ಕಾಣುತ್ತಿರಲಿಲ್ಲ, ಧೂಳು ಹಿಡಿದಿತ್ತು. ಮೆತ್ತನೆ ಬ್ರಷ್ಷಿನಿಂದ ಝಾಡಿಸಿದ ಮೇಲೆ ಅಕ್ಷರ ಎದ್ದವು. ಬಹಮನ್ 1358. ಅಂದರೆ 1948ರ ಡಿಸೆಂಬರ್. ಅದೇ ಹೆಬ್ಬೆಟ್ಟು, ಅದೇ ಅಡ್ಡ ಸೀಳು. ಪಿಂಜಾರ ಕಾಕಾ ತಿರುಗಿ ಬಂದಿದ್ದಾನೆ. ಹಂಡೆ ತಲುಪಿತು, ತಂಬಿಗೆ ತಲುಪಿದವು, ಕಾಲ್ಕಡಗ ತಲುಪಿತು, ಪೆಟ್ಟಿಗೆ ಬೀಗ ಸಹಿತ ತಲುಪಿತು. ಆಡು 2 ಕೊಟ್ಟದ್ದು 3 ತಲುಪಿತು, ಮರಿ ಸೇರಿ. ಇದನ್ನು ಓದುವಾಗ ಚಾಚಾನ ದನಿ ನಡುಗಿತು, ನಾನು ಬರೆಯುವುದನ್ನು ನಿಲ್ಲಿಸಿದೆ. 9ರಲ್ಲಿ 8 ಬಾಬತ್ತಿನ ಮುಂದೆ ಗುರುತಿದೆ. ಕೊನೆಯದಕ್ಕೆ ಇಲ್ಲ. ಅಲ್ಲಿ ಎರಡೇ ಪದ: ಕಮಾನು ಬಾಕಿ.

ಕಮಾನು ಅಂದರೆ ಹತ್ತಿ ಬಡಿಯುವ ಬಿಲ್ಲು. ಒಂದಾಳುದ್ದ ಇರುತ್ತದೆ. ನಮ್ಮ ಊರಿನ ಮನೆಯ ಅಟ್ಟದಲ್ಲಿ ಒಂದು ದೊಡ್ಡ ಬಿಲ್ಲಿತ್ತು. ಬೇಸಿಗೆ ರಜೆಯಲ್ಲಿ ಅದನ್ನು ಇಳಿಸಿ ನಾವು ಮಕ್ಕಳೆಲ್ಲ ರಾಮ ಲಕ್ಷ್ಮಣರ ಆಟ ಆಡುತ್ತಿದ್ದೆವು. ಎತ್ತಲು ಇಬ್ಬರು ಬೇಕಿತ್ತು. ಅದು ಯಾರದ್ದು, ನಮ್ಮ ಮನೆಗೆ ಯಾಕೆ ಬಂತು ಅಂತ ಒಮ್ಮೆಯೂ ಕೇಳಲಿಲ್ಲ.

ಕೆಳಗಿಳಿದು ಬೇಕರಿ ಮುಂದೆಯೇ ನಿಂತು ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನು ಅಟ್ಟ ಹತ್ತಿ ನೋಡಿ ಹತ್ತು ನಿಮಿಷದ ಮೇಲೆ ತಿರುಗಿ ಮಾಡಿದ. "ಗೂಟಕ್ಕ ಹಂಗೇ ತೂಗಾಡ್ಲಿಕ್ಕತ್ತದ ಅಕ್ಕಾ. ತಂತಿ ಹರದದ, ಕಟ್ಟಿಗಿ ಗಟ್ಟಿ ಅದ. ಯಾಕ, ಏನ್ ಬೇಕಾಗಿತ್ತು?" ಅಂದ. ಪಿಂಜಾರ ಕಾಕಾನ ಕಡೆಯವರು ಈಗ ಆಳಂದದಲ್ಲಿ ಗಾದಿ ಅಂಗಡಿ ಇಟ್ಟಿದ್ದಾರಂತೆ, ಅಡ್ರೆಸ್ ತೆಗೆದಿಡಲು ಹೇಳಿದ್ದೇನೆ. ನಂಬರ್ 8ರ ಎರಡೂ ಬದಿಯ ಪ್ರಿಂಟನ್ನು ಚಾಚಾ ಇನ್ನೊಂದು ತೆಗೆದುಕೊಟ್ಟಿದ್ದಾರೆ. ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಊರಿಗೆ ಹೊರಡುತ್ತಿದ್ದೇನೆ.